ಹಂಡೆಯ ಹಬೆ, ಮಾವನವರ ಫೋನು

ಡಿಸೆಂಬರ್ 8, ಸೋಮವಾರ

ಈ ಮನೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಕೌಸ್ತುಭ್. ಅವನನ್ನು ಬಿಟ್ಟರೆ ಹಂಡೆ! ಮಾಲೂರಿನಲ್ಲಿ ನಮ್ಮಪ್ಪನ ಮನೆಯಲ್ಲಿ ಗೀಸರ್ ಇತ್ತು; ಗುಂಡಿ ಒತ್ತಿದರೆ ಒಂದು ಕೆಂಪು ದೀಪ, ಅಷ್ಟೇ ಅದರ ಕಥೆ. ಇಲ್ಲಿ ಮುಳಬಾಗಿಲಿನಲ್ಲಿ ಬಚ್ಚಲುಮನೆ ಎಂದರೆ ನಿಜವಾಗಿಯೂ ಒಂದು ಮನೆ. ಮೂಲೆಯಲ್ಲಿ ಒಲೆ, ಅದರ ಮೇಲೆ ಮಸಿ ಹಿಡಿದ ತಾಮ್ರದ ಹಂಡೆ, ಪಕ್ಕದಲ್ಲಿ ಮಾವಿನ ಸೌದೆ. ಮತ್ತೆ ಹಬೆ! ಈ ಚಳಿಯಲ್ಲಿ ಹಂಡೆಯ ಮುಚ್ಚಳ ತೆಗೆದರೆ ಕೈ ಚಾಚಿದವರಿಗೆ ಸ್ವಂತ ಕೈ ಕಾಣಿಸುವುದಿಲ್ಲ. ನಾನು ಅದರೊಳಗೆ ನಿಂತು ಸುಮ್ಮಸುಮ್ಮನೆ ನಗುತ್ತೇನೆ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ನಗಲು ಬೇರೆ ಕಾರಣ ಯಾಕೆ ಬೇಕು?

ಇಷ್ಟು ವರ್ಷ ಇಂಗ್ಲಿಷಿನಲ್ಲೇ ಡೈರಿ ಬರೆದವಳು ನಾನು. "ಕನ್ನಡದಲ್ಲಿ ಒಂದು ಪುಟ ಬರಿ ನೋಡೋಣ" ಎಂದು ಕೌಸ್ತುಭ್ ಕೆಣಕಿದ್ದಾನೆ. ಬರೆಯುತ್ತೇನೆ, ನೋಡಲಿ! ಅಲ್ಲಲ್ಲ, ನೋಡಬಾರದು. ಇದು ನನ್ನದು.

ಸ್ನಾನಕ್ಕೆ ಹಾಡು ಬೇಕೇ ಬೇಕು ನನಗೆ. ಇವತ್ತು ಅತ್ತೆ ಬಾಗಿಲು ಬಡಿದರು.

"ಒಳಗೆ ಯಾರೇ ಅದು ಹಾಡ್ತಿರೋದು? ಗಂಡಸಿನ ದನಿ!"

"ಫೋನು ಅತ್ತೆ!"

"ಹಬೆ ಹೊಡೆದು ಸಾಯತ್ತೆ, ನೋಡ್ತಿರು. ನಿಮ್ಮ ಮಾವಂದು ಎರಡು ಫೋನು ಹಾಗೇ ಸತ್ತವು. ನೀರಿನ ಹತ್ರಾನೂ ತಗೊಂಡು ಹೋಗಲ್ಲ ಅಂತಾರೆ, ಆದ್ರೂ ಸತ್ತವು."

ನನ್ನದು ಸಾಯುವುದಿಲ್ಲ. ಹಾಸ್ಟೆಲಿನಲ್ಲಿ ಕಲಿತ ವಿದ್ಯೆ ಇದೆ. ಜಿಪ್ ಇರುವ ಕವರಿನಲ್ಲಿ ಹಾಕಿ, ಹಂಡೆಯಿಂದ ದೂರ, ಗಾಳಿಯಾಡುವ ಎತ್ತರದ ಕಿಟಕಿಯಲ್ಲಿ ಇಡುತ್ತೇನೆ. ಹೊರಗೆ ಬಂದ ತಕ್ಷಣ ಒರೆಸುತ್ತೇನೆ. ಮೈ ಆರುವವರೆಗೆ ಚಾರ್ಜಿಗೆ ಹಾಕುವುದಿಲ್ಲ.

ಮಾವನವರಿಗೆ ಕೌಸ್ತುಭ್ ಹೊಸ ಫೋನು ತಂದಿದ್ದಾನೆ! ಅದು ಅವರ ಅಕ್ಕ ಗೋದಾವರಿಗೋಸ್ಕರ. ನಾವು ಅವರನ್ನು ಗೋದತ್ತೆ ಎನ್ನುತ್ತೇವೆ. ಶ್ರೀನಿವಾಸಪುರದಲ್ಲಿ ಮಗ ವೇಣುಗೋಪಾಲ್ ಭಾವನ ಮನೆಯಲ್ಲಿದ್ದಾರೆ. ಪ್ರತಿ ಧನುರ್ಮಾಸ ತಮ್ಮನ ಮನೆಗೆ ಬಂದು ಇಳಿದು, ಬೆಳಕು ಹರಿಯುವ ಮುಂಚೆ ಮಾವ ಮಾಡುವ ಪೂಜೆಗೆ ಕುಳಿತು, ಮಂಗಳಾರತಿ ನೋಡಿದ ಮೇಲೆಯೇ ಬಾಯಿಗೆ ನೀರು ಹಾಕುವುದು ಅವರ ನೇಮ. ಈ ವರ್ಷ ಸೊಂಟದ ಮೂಳೆ ಮುರಿದು ಮಲಗಿದ್ದಾರೆ. ನೇಮ ಮಾತ್ರ ಬಿಡುವುದಿಲ್ಲವಂತೆ. ಸಕ್ಕರೆ ಕಾಯಿಲೆ ಬೇರೆ; ಮಾತ್ರೆ ನುಂಗಬೇಕಾದರೂ ಹೊಟ್ಟೆಗೆ ಏನಾದರೂ ಬೀಳಬೇಕು. ಹಾಗಾಗಿ ಪೂಜೆಯನ್ನು ಫೋನಿನಲ್ಲಿ ತೋರಿಸುವುದೆಂದು ಅಕ್ಕ ತಮ್ಮ ಒಪ್ಪಂದ ಮಾಡಿಕೊಂಡಿದ್ದಾರೆ. ಎಷ್ಟು ಮುದ್ದಾಗಿದೆ!

ಇನ್ನೊಂದು ದೊಡ್ಡ ಸುದ್ದಿ. ಹೊಸ ವರ್ಷಕ್ಕೆ ಕೌಸ್ತುಭ್ ನಂದಿಬೆಟ್ಟದ ಕೆಳಗೆ ರೆಸಾರ್ಟ್ ನೋಡಿದ್ದಾನೆ. ಮೂವತ್ತೊಂದರ ಸಂಜೆ ಹೊರಡುವುದು. ನಾವಿಬ್ಬರೇ!!

ಡಿಸೆಂಬರ್ 12, ಶುಕ್ರವಾರ

ಮಾವನವರಿಗೆ ವಿಡಿಯೋ ಕಾಲ್ ಕಲಿಸಿದೆ. ಊರಿಗೆಲ್ಲ ಪುರೋಹಿತರಾದ ಕೃಷ್ಣಮೂರ್ತಿಗಳು ನನ್ನ ಶಿಷ್ಯರು! ಪರದೆಯನ್ನು ಅವರು ಉಂಗುರ ಬೆರಳಿನಿಂದ ಮುಟ್ಟುತ್ತಾರೆ, ಯಾರಿಗೋ ಕುಂಕುಮ ಇಡುವ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

ಗೋದತ್ತೆಗೆ ಫೋನು ಹೋಯಿತು.

"ಏಮಿರಾ ಕಿಟ್ಟಾ, ಬರೀ ಮೂಗೇ ಕಾಣಿಸ್ತಿದೆಯಲ್ಲೋ!"

"ಇರು ಅಕ್ಕಾ, ದೂರ ಹಿಡ್ಕೋತೀನಿ."

"ಈಗ ಸೂರು ಕಾಣಿಸ್ತಿದೆ. ಜಂತೆ ಮೇಲೆ ಬಲೆ ಕಟ್ಟಿದೆ. ವೆಂಕಟಲಕ್ಷ್ಮಿ ಹೊಡೆಯಲ್ವಾ?"

ಅತ್ತೆ ಅಡುಗೆಮನೆಯಿಂದಲೇ ಲಟ್ಟಣಿಗೆ ಕುಟ್ಟಿ ಉತ್ತರ ಕೊಟ್ಟರು.

ಆಮೇಲೆ ಅತ್ತೆ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಮಡೀಲಿ ಫೋನ್ ಹೇಗೆ ಮುಟ್ತೀರಿ?" ಮಡಿಯ ವಿಷಯ ನಾನೀಗ ಅರೆಬರೆ ಕಲಿತಿದ್ದೇನೆ. ಮಾವ ಸ್ನಾನ ಮಾಡಿ ಮಡಿಪಂಚೆ ಉಟ್ಟರೆಂದರೆ ಪೂಜೆ ಮುಗಿಯುವವರೆಗೆ ಸ್ನಾನವಾಗದ ಯಾರನ್ನೂ, ತೊಳೆಯದ ಯಾವುದನ್ನೂ ಮುಟ್ಟುವಂತಿಲ್ಲ. ಮೊದಲ ವಾರ ನಾನು ಅವರಿಗೆ ಕೈಕುಲುಕಿ ಗುಡ್ ಮಾರ್ನಿಂಗ್ ಹೇಳಲು ಹೋಗಿದ್ದೆ. ಪಾಪ, ಅವರು ಮತ್ತೆ ಸ್ನಾನ ಮಾಡಬೇಕಾಯಿತು.

"ಅದಕ್ಕೊಂದು ವ್ಯವಸ್ಥೆ ಮಾಡ್ಕೊಂಡಿದೀನಿ ಬಿಡು" ಎಂದು ಮಾವ ಎದ್ದು ಹೋದರು. ತುಳಸಿ ನೀರು ಚಿಮುಕಿಸಿಕೊಳ್ಳುತ್ತಾರೇನೋ ಎಂದರು ಅತ್ತೆ.

ಫೋನಿಗೆ ಕೊಳಲಿನ ರಿಂಗ್‌ಟೋನ್ ಹಾಕಿಕೊಟ್ಟೆ. ಅದರ ಸ್ಪೀಕರ್ ಎಷ್ಟು ಜೋರು! ನನ್ನದಕ್ಕಿಂತ ಚೆನ್ನಾಗಿದೆ ಎಂದು ಎಲ್ಲರ ಮುಂದೆ ಹೊಗಳಿದೆ.

ಡಿಸೆಂಬರ್ 16, ಮಂಗಳವಾರ

ಧನುರ್ಮಾಸ ಶುರು! ಮೊದಲ ದಿನ ಪೂಜೆಗೆ ನಾನೂ ಏಳುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟಿದ್ದೆ. ಗಂಟೆಯ ಸದ್ದು ರಗ್ಗಿನೊಳಗೆ ಕೇಳಿಸಿತು. ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಮಗ್ಗುಲಾಗಿ ಮಲಗಿದೆ.

ಎದ್ದಾಗ ಮನೆಯೆಲ್ಲ ಹುಗ್ಗಿಯ ಘಮ. ಮೆಣಸು, ತುಪ್ಪ, ಹೆಸರುಬೇಳೆ. ಗೋದತ್ತೆಗೆ ಮಂಗಳಾರತಿ ಚೆನ್ನಾಗಿ ಕಾಣಿಸಿತಂತೆ, ಗಂಜಿ ಕುಡಿದು ಮಾತ್ರೆ ನುಂಗಿದರಂತೆ. ಮಾವ ಎರಡು ಸಲ ಹುಗ್ಗಿ ಹಾಕಿಸಿಕೊಂಡರು. ಕೌಸ್ತುಭ್ ಕೋಲಾರದ ಆಡಿಟರ್ ಆಫೀಸಿಗೆ ಬಸ್ಸು ಹಿಡಿಯುವ ಅವಸರದಲ್ಲೂ ಬಾಗಿಲ ಹಿಂದೆ ನಿಂತು... ಇರಲಿ, ಅದನ್ನು ಬರೆಯುವುದಿಲ್ಲ.

ರೆಸಾರ್ಟಿಗೆ ಆ ನೀಲಿ ಗೌನ್ ಹಾಕಲೇ?

ಡಿಸೆಂಬರ್ 19, ಶುಕ್ರವಾರ

ಇವತ್ತು ತಲೆ ಕೆಟ್ಟಿದೆ.

ಬೆಳಿಗ್ಗೆ ಗೋದತ್ತೆ, "ಕಿಟ್ಟಾ, ದೇವರು ಮೋಡದೊಳಗೆ ಇದಾನಲ್ಲೋ" ಎಂದರಂತೆ. ದೀಪ ಮಾತ್ರ ಮಸುಕಾಗಿ ಕಂಡಿತಂತೆ. ಅಷ್ಟಾದರೂ ಕಂಡಿತಲ್ಲ ಎಂದು ಗಂಜಿ ಕುಡಿದರು. ನಾನು ಫೋನು ತಿರುಗಿಸಿ ನೋಡಿದರೆ ಕ್ಯಾಮೆರಾದ ಗಾಜಿನ ಒಳಗಡೆ ಸಣ್ಣ ಸಣ್ಣ ಹನಿ! ಹೊಸ ಫೋನು!

ಮಾವನವರ ಜೊತೆ ಬಸ್‌ಸ್ಟ್ಯಾಂಡಿನ ಹತ್ತಿರದ ಫರ್ಹಾನ್‌ನ ರಿಪೇರಿ ಅಂಗಡಿಗೆ ಹೋದೆ. ಅವನು ಸಿಮ್ ತೆಗೆದು ಟಾರ್ಚ್ ಬಿಟ್ಟು ನೋಡಿದ. ಒಳಗಿನ ಬಿಳಿ ಚುಕ್ಕೆ ಕೆಂಪಾಗಿದೆ, ತೇವ ತಾಕಿದರೆ ಅದು ಹಾಗಾಗುತ್ತದೆ ಎಂದ.

"ಸ್ವಾಮ್ಯೋರೆ, ಇದು ನೀರಲ್ಲಿ ಬಿದ್ದಿದ್ದಲ್ಲ. ಹಬೆ ಕುಡಿದೈತೆ. ನಿಮ್ಮ ಹಳೇವು ಎರಡೂ ಹಿಂಗೇ ಇದ್ವು. ಯಾರೋ ದಿನಾ ಇದನ್ನ ಸ್ನಾನಕ್ಕೆ ಕರ್ಕೊಂಡೋಗ್ತಾ ಅವ್ರೆ." ನನ್ನ ಕಡೆ ತಿರುಗಿ ಹಲ್ಲು ಬಿಟ್ಟ. "ಭಾಭಿ, ನೀವಾ?"

ಮಾವ ಅಲ್ಲಿ ತೂಗುಹಾಕಿದ್ದ ಕವರುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಫರ್ಹಾನ್ ಬಿಚ್ಚಿ ಒಣಗಿಸಿ ಕೊಟ್ಟ. ಇನ್ನೊಂದು ಸಲ ಹೀಗಾದರೆ ತನ್ನ ಕೈಯಲ್ಲಿ ಆಗುವುದಿಲ್ಲ ಎಂದು ಮುಂಚೆಯೇ ಹೇಳಿಬಿಟ್ಟ.

ಮನೆಗೆ ಬಂದರೆ ಅತ್ತೆ ನನ್ನನ್ನೇ ನೋಡಿದರು. "ಬಚ್ಚಲಿಗೆ ಫೋನ್ ತಗೊಂಡು ಹೋಗೋರು ಈ ಮನೇಲಿ ಒಬ್ರೇ ಇರೋದು. ಸ್ಪೀಕರ್ ಜೋರಾಗಿದೆ ಅಂತ ಬೇರೆ ಅಂದಿದ್ದೆ." ಮಾವನ ಫೋನನ್ನು ನಾನು ಬಚ್ಚಲಿಗೆ ಒಯ್ದೇ ಇಲ್ಲ ಎಂದೆ. ಸಂಜೆ ಕೌಸ್ತುಭ್ ಬಂದವನು, ಅವನೂ, "ಒಂದ್ಸಲ ತಗೊಂಡಿದ್ರೆ ಹೇಳ್ಬಿಡು ವಿಭಾ, ಯಾರೂ ಏನೂ ಅನ್ನಲ್ಲ" ಎಂದ. ಯಾರೂ ಏನೂ ಅನ್ನುವುದಿಲ್ಲವಂತೆ!

ಡಿಸೆಂಬರ್ 20, ಶನಿವಾರ

ಕೌಸ್ತುಭ್ ಜೊತೆ ಮಾತಿಲ್ಲ. ಹಾಡಿಲ್ಲದೆ ಸ್ನಾನ ಮಾಡಿದೆ.

ಡಿಸೆಂಬರ್ 22, ಸೋಮವಾರ

ಕಂಡುಹಿಡಿದೆ!!

ಮಾವನ ಫೋನನ್ನು ಕಾದು ಕುಳಿತು ಕಳ್ಳರನ್ನು ಹಿಡಿಯುತ್ತೇನೆ ಎಂದು ಕತ್ತಲೆಯಲ್ಲೇ ಎದ್ದೆ. ಹಿತ್ತಿಲ ಬಾಗಿಲ ಹತ್ತಿರ ಶಾಲು ಹೊದ್ದು ಮುದುಡಿಕೊಂಡೆ. ಅಡುಗೆಮನೆಯಲ್ಲಿ ಅತ್ತೆ ಪಾತ್ರೆಯ ಸದ್ದು ಮಾಡುತ್ತಿದ್ದರು. ಬಚ್ಚಲುಮನೆಯ ಬಾಗಿಲ ಸಂದಿಯಿಂದ ಬೆಳಕೂ ಹಬೆಯೂ ಸೋರುತ್ತಿದ್ದವು. ಅಷ್ಟರಲ್ಲಿ ಒಳಗಿನಿಂದ ಕೊಳಲು ಕೇಳಿಸಿತು. ನಾನೇ ಹಾಕಿಕೊಟ್ಟ ಕೊಳಲು!

"ಅಕ್ಕಾ, ಇನ್ನೂ ತಂಬಿಗೆನೇ ಎತ್ತಿಲ್ಲ ಕಣೇ" ಎಂದು ಮಾವನ ದನಿ. "ಪೂಜೆಗೆ ಹೊತ್ತಿದೆ. ಇಡು ಫೋನು."

ಆಮೇಲೆ ನೀರಿನ ಸದ್ದು, ಸ್ನಾನದ ಮಂತ್ರ. ಬಾಗಿಲು ತೆರೆಯಿತು. ಹಬೆಯ ಒಂದು ದೊಡ್ಡ ಮೋಡ ಹೊರಗೆ ಬಂತು, ಅದರೊಳಗಿಂದ ಒದ್ದೆ ಪಂಚೆಯ ಮಾವ. ಅಂಗೈ ಮೇಲೆ ಫೋನು. ಉರಿಯುವ ಹಣತೆ ಹಿಡಿದವರ ಹಾಗೆ ಹುಷಾರಾಗಿ ಹಿಡಿದು ನನ್ನನ್ನು ದಾಟಿಕೊಂಡು ದೇವರಮನೆಗೆ ನಡೆದರು. ನಾನು ಅಲ್ಲಿರುವುದು ಅವರಿಗೆ ಗೊತ್ತಾಗಲಿಲ್ಲ.

ಓಡಿಹೋಗಿ ಕೌಸ್ತುಭ್‌ನನ್ನು ಎಬ್ಬಿಸಿ, ನೋಡು ನಿಮ್ಮಪ್ಪನೇ ಎಂದು ಕೂಗಬೇಕು ಎನಿಸಿತು. ಕೋಣೆಯ ಬಾಗಿಲವರೆಗೂ ಹೋದೆ. ಕೂಗಲಿಲ್ಲ. ಯಾಕೋ ಆ ಅಂಗೈ ಕಣ್ಣ ಮುಂದೆ ಬಂತು.

ಡಿಸೆಂಬರ್ 23, ಮಂಗಳವಾರ

ಮಧ್ಯಾಹ್ನ ಮಾವ ಹಿತ್ತಿಲಲ್ಲಿ ಒಬ್ಬರೇ ಹೂಬತ್ತಿ ಹೊಸೆಯುತ್ತಿದ್ದರು. ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದೆ.

"ಮಾವ, ಫೋನಿಗೆ ಬಿಸಿನೀರೋ, ತಣ್ಣೀರೋ?"

ಬತ್ತಿ ಕೈಯಿಂದ ಬಿತ್ತು. "ಯಾರಿಗಾದ್ರೂ ಹೇಳಿದ್ಯೇನಮ್ಮಾ?"

"ಇಲ್ಲ."

"ನೀರು ಹಾಕಿಲ್ಲಮ್ಮ, ದೇವರಾಣೆ. ಒಲೆ ಮೇಲಿನ ಗೂಡಲ್ಲಿ ಇಡ್ತೀನಿ. ಹಬೆ ಮೈತುಂಬ ತಾಗತ್ತೆ. ಹಬೆನೂ ನೀರೇ ತಾನೆ? ಅದಕ್ಕೆ ಸ್ನಾನ ಆದ ಹಾಗೂ ಆಯ್ತು, ನೆನೆಯೋದೂ ಇಲ್ಲ ಅಂದ್ಕೊಂಡೆ. ಮಡೀಲಿ ಮುಟ್ಟಿ ದೇವರ ಎದುರು ಇಡಬೇಕಲ್ಲ."

"ಹಿಂದಿನ ಎರಡು?"

"ಪೂಜೆ ಹೊತ್ತಲ್ಲೇ ಊರೋರ ಫೋನು ಬರ್ತಿತ್ತಲ್ಲ, ಅವನ್ನೂ ಹೀಗೇ ಹಬೆಗೆ ಇಡ್ತಿದ್ದೆ. ಅದಕ್ಕೇ ಹೋದವು ಅಂತ ಫರ್ಹಾನ್ ಹೇಳಿದ ಮೇಲೇ ಗೊತ್ತಾಗಿದ್ದು." ಬಿದ್ದ ಬತ್ತಿ ಎತ್ತಿಕೊಂಡರು. "ಆವತ್ತು ಎಲ್ಲಾರೂ ನಿನ್ನ ಅಂದಾಗ ನನಗೆ ಬಾಯೇ ಬರ್ಲಿಲ್ಲ. ನಿಮ್ಮತ್ತೆಗೆ ಗೊತ್ತಾದ್ರೆ ಊರಿಗೆಲ್ಲ ಹೇಳ್ಕೊಂಡು ನಗ್ತಾಳೆ. ಪುರೋಹಿತ ಫೋನಿಗೆ ಸ್ನಾನ ಮಾಡಿಸ್ದ ಅಂತ."

ನೀರು ನುಗ್ಗಲಾಗದ ಸಂದಿಯಲ್ಲೂ ಹಬೆ ನುಗ್ಗುತ್ತದೆ, ಒಳಗೆ ಹೋಗಿ ತಣ್ಣಗಾಗಿ ಹನಿಯಾಗುತ್ತದೆ ಎಂದು ಹೇಳಿದೆ. ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ. ಅದು ಅವರಿಗೆ ತಕ್ಷಣ ಅರ್ಥವಾಯಿತು. ಬೇರೆ ಯಾರಾದರೂ ಹೊರಗೆ ನಿಂತು ಹಿಡಿಯಬಹುದಲ್ಲ ಎಂದೆ. ಆಗುವುದಿಲ್ಲ, ನಮ್ಮ ದೇವರಮನೆಯಲ್ಲಿ ದೇವರು ಪಕ್ಕದ ಗೋಡೆಯ ಗೂಡಿನಲ್ಲಿದ್ದಾನೆ, ಹೊಸ್ತಿಲಾಚೆ ನಿಂತರೆ ಕಾಣುವುದೇ ಇಲ್ಲ ಎಂದರು.

"ತುಳಸಿ ನೀರು ಚಿಮುಕಿಸಿದರೆ ಸಾಲದಾ ಮಾವ?"

"ಸ್ನಾನದ ಬದಲು ಪ್ರೋಕ್ಷಣೆ ಮಾಡ್ಕೊಳ್ಳೋದು ಜ್ವರ ಬಂದೋರು ಕಣಮ್ಮ. ಫೋನಿಗೇನು ಜ್ವರಾನಾ?"

"ಈಗ ಬಂದಿದೆ. ಚಾರ್ಜಿಗೆ ಹಾಕಿದರೆ ಮೈ ಸುಡ್ತಿದೆ!"

ಮಾವ ಎಷ್ಟು ಜೋರಾಗಿ ನಕ್ಕರೆಂದರೆ ಅತ್ತೆ ಕಿಟಕಿಯಲ್ಲಿ ಇಣುಕಿದರು. ಕೊನೆಗೆ ಮಾವ ಹೇಳಿದ್ದು ಇಷ್ಟೇ: "ಸಂಕ್ರಾಂತಿ ತನಕ ಬದುಕಿದ್ರೆ ಸಾಕು. ಇಲ್ದಿದ್ರೆ ಅಕ್ಕ ಹಸ್ಕೊಂಡು ಸಾಯ್ತಾಳೆ. ಅವಳ ಹಠ ನಿನಗೆ ಗೊತ್ತಿಲ್ಲ."

ಹಾಗಾದರೆ ಬದುಕಿಸಲೇಬೇಕು. ನಮ್ಮಿಬ್ಬರ ಗುಟ್ಟು ಇದು. ಎಂಥ ಮಜಾ!

ಡಿಸೆಂಬರ್ 26, ಶುಕ್ರವಾರ

ಕೌಸ್ತುಭ್ ರಾಜಿಗೆ ಬಂದಿದ್ದಾನೆ. ಕೋಲಾರದಿಂದ ನನಗೆಂದೇ ನೀರು ಹೋಗದ ಫೋನ್ ಕವರು ತಂದ, ಕುತ್ತಿಗೆಗೆ ಹಾಕಿಕೊಳ್ಳುವ ದಾರ ಇರುವುದು. "ಇನ್ನು ಬಾವಿಗೆ ಬಿದ್ರೂ ಹಾಡ್ತಾ ಇರು" ಎಂದ. ಕ್ಷಮಿಸಿದೆ. ಕವರನ್ನು ಮಾತ್ರ ಮರುಕ್ಷಣವೇ ಮಾವನಿಗೆ ಕೊಟ್ಟೆ.

ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿದರು. "ಇದರೊಳಗೆ ಹಬೆ ಹೋಗಲ್ವಾ?"

"ಹೋಗಲ್ಲ ಮಾವ, ಚೂರೂ ಹೋಗಲ್ಲ!"

"ಹೋಗದೆ ಇದ್ರೆ ಫೋನಿಗೆ ಸ್ನಾನ ಎಲ್ಲಾಯ್ತು? ಅಂಗಿ ಒಗೆದ್ರೆ ಮೈ ತೊಳೆದ ಹಾಗಾಗತ್ತೇನಮ್ಮಾ?"

ಕವರನ್ನು ವಾಪಸು ತೆಗೆದುಕೊಂಡೆ.

ಸರಿ, ಸ್ನಾನ ಆದಮೇಲಾದರೂ ತೇವ ಹೀರಲಿ ಎಂದು ಪುಟ್ಟ ಪುಟ್ಟ ಹರಳಿನ ಪೊಟ್ಟಣಗಳನ್ನು ತಂದು ಫೋನಿನ ಡಬ್ಬಿಯಲ್ಲಿ ಹಾಕಿಕೊಟ್ಟೆ. ಮಾವ ಡಬ್ಬಿಯನ್ನು ದೇವರಮನೆಯ ಕಟ್ಟೆಯ ಮೇಲೆ ಇಟ್ಟರು. ಮಧ್ಯಾಹ್ನ ಅತ್ತೆ ಒಂದು ಪೊಟ್ಟಣ ಹಿಡಿದುಕೊಂಡು ಬಂದರು.

"ವಿಭಾ, ಇದೆಲ್ಲಿತ್ತು?"

"ನನ್ನ ರಿಸೆಪ್ಷನ್ ಚಪ್ಪಲಿ ಡಬ್ಬದಲ್ಲಿ ಅತ್ತೆ" ಎಂದುಬಿಟ್ಟೆ. ಅಯ್ಯೋ! ಚರ್ಮದ ಚಪ್ಪಲಿಯ ಡಬ್ಬದ ಪೊಟ್ಟಣ ದೇವರಮನೆಯಲ್ಲಿ! ಇಡೀ ದೇವರಮನೆ ತೊಳೆದು, ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿದೆವು, ಅತ್ತೆಯೂ ನಾನೂ. ಯಾಕೆ ಇಟ್ಟೆ ಎಂದರೆ ತಿಳಿಯದೆ ಇಟ್ಟೆ ಎಂದೆ. ಮಾವನ ಹೆಸರು ಹೇಳಲಿಲ್ಲ. ಕೈಯೆಲ್ಲ ಹುಳಿ ಹುಳಿ, ಆದರೆ ತಾಮ್ರದ ತಂಬಿಗೆ ಎಂಥ ಹೊಳಪು ಬಂದಿದೆ!

ಡಿಸೆಂಬರ್ 27, ಶನಿವಾರ

ಸಿಕ್ಕಿತು! ಸಿಕ್ಕಿತು!

ಅತ್ತೆ ಬೀರುವಿನಲ್ಲಿದ್ದ ಸೀರೆಗಳಿಗೆ ಗಾಳಿಯಾಡಿಸುತ್ತಿದ್ದರು. ಒಂದು ಹಳೆಯ ಪುಟ್ಟ ರೇಷ್ಮೆ ತುಂಡು ಸಿಕ್ಕಿತು, ಅಂಚೆಲ್ಲ ಹರಿದಿತ್ತು. ಇದೇನು ಎಂದೆ.

"ನಿನ್ನ ಗಂಡನ್ನ ಸುತ್ತುತಿದ್ದ ಬಟ್ಟೆ. ಕೂಸಿದ್ದಾಗ ಪೂಜೆ ಹೊತ್ತಿಗೇ ಸರಿಯಾಗಿ ಅಳೋನು. ಸ್ನಾನ ಆಗಿರ್ತಿರ್ಲಿಲ್ಲ. ಇದರಲ್ಲಿ ಸುತ್ತಿ ಕೊಟ್ರೆ ನಿಮ್ಮ ಮಾವ ಮಡೀಲೇ ಎತ್ಕೊಂಡು ಗಂಟೆ ಬಾರಿಸೋರು. ರೇಷ್ಮೆ ಪಟ್ಟೆಗೆ ಮೈಲಿಗೆ ಇಲ್ಲ ಕಣೇ, ಅಷ್ಟೂ ಗೊತ್ತಿಲ್ವಾ? ನಿಮ್ಮ ಇಂಗ್ಲಿಷ್ ಸ್ಕೂಲಲ್ಲಿ ಏನ್ ಹೇಳಿಕೊಟ್ರು?"

ಅತ್ತೆಯನ್ನು ತಬ್ಬಿಕೊಂಡೆ. ಅವರಿಗೆ ಯಾಕೆಂದು ಗೊತ್ತಾಗಲಿಲ್ಲ, ಆದರೂ ಬಿಡಿಸಿಕೊಳ್ಳಲಿಲ್ಲ.

ಧಾರೆ ಸೀರೆಯ ರವಿಕೆ ಹೊಲಿಸಿ ಉಳಿದ ತುಂಡಿತ್ತು. ಸಂಜೆಯೊಳಗೆ ಕೈಯಲ್ಲೇ ಒಂದು ಚೀಲ ಹೊಲಿದೆ. ಫೋನು ಸರಿಯಾಗಿ ಕೂರುತ್ತದೆ, ಕ್ಯಾಮೆರಾಗೆ ಮಾತ್ರ ಒಂದು ಕಿಂಡಿ. ಇನ್ನು ಹಬೆಯೇ ಬೇಕಿಲ್ಲ! ಒಣಗಿದ ಫೋನು, ರೇಷ್ಮೆಯ ಅಂಗಿ, ಮಡಿಯೂ ಉಳಿಯಿತು!

ಮಾವ ಚೀಲವನ್ನು ತುಂಬ ಹೊತ್ತು ನೋಡಿದರು. "ಕೂಸು ಬೇರೆ, ಫೋನು ಬೇರೆ ಕಣಮ್ಮ. ಕೂಸಿನ ಮೇಲಿನ ಮೋಹಕ್ಕೆ ನಾನು ಎತ್ಕೊಂಡಿದ್ದು ಸರಿಯೋ ತಪ್ಪೋ, ಅದೂ ಗೊತ್ತಿಲ್ಲ. ಯೋಚಿಸ್ತೀನಿ." ಚೀಲ ವಾಪಸು ಕೊಟ್ಟರು.

ಒಲೆಯಿಂದ ಸ್ವಲ್ಪ ದೂರದ ಗೂಡಿಗೆ ಬದಲಾಯಿಸುವುದಾಗಿ ಮಾತ್ರ ಒಪ್ಪಿಕೊಂಡಿದ್ದಾರೆ. ಎಂಥ ಹಠ! ಅಕ್ಕನಿಗೆ ತಕ್ಕ ತಮ್ಮ.

ಡಿಸೆಂಬರ್ 29, ಸೋಮವಾರ

ಫೋನು ಆಗಾಗ ತಾನೇ ಆರಿಹೋಗುತ್ತಿದೆ. ಮಧ್ಯಾಹ್ನವೆಲ್ಲ ಬಿಸಿಲಿಗೆ ಬೇಡ, ಫ್ಯಾನಿನ ಕೆಳಗೆ ಇಡಿ ಎಂದು ಮಾವನಿಗೆ ಹೇಳಿ ನಾನೇ ಕಾವಲು ಕುಳಿತೆ.

ಕೌಸ್ತುಭ್ ರಾತ್ರಿ ಊಟದ ಹೊತ್ತಿಗೆ, "ಬಟ್ಟೆ ಪ್ಯಾಕ್ ಮಾಡಿದ್ಯಾ?" ಎಂದ. ಎಲ್ಲಿಗೆ ಎಂದು ಕೇಳಿಬಿಟ್ಟೆ. ಪಾಪ, ಅವನ ಮುಖ ನೋಡಬೇಕಿತ್ತು!

ಡಿಸೆಂಬರ್ 30, ಮಂಗಳವಾರ

ವೈಕುಂಠ ಏಕಾದಶಿ. ಮನೆಯಲ್ಲಿ ಯಾರಿಗೂ ಊಟವಿಲ್ಲ. ನಾನೂ ಉಪವಾಸ ಮಾಡುತ್ತೇನೆ ಎಂದು ಘೋಷಿಸಿದೆ. ಹನ್ನೊಂದಕ್ಕೆ ಬಾಳೆಹಣ್ಣು, ಒಂದಕ್ಕೆ ಹಾಲು, ಮೂರಕ್ಕೆ ಅತ್ತೆಯೇ ಕರೆದು ದ್ರಾಕ್ಷಿ ಕೊಟ್ಟರು.

ಗೋದತ್ತೆ ನೀರೂ ಮುಟ್ಟಿಲ್ಲವಂತೆ. ವೇಣುಗೋಪಾಲ್ ಭಾವ ಫೋನು ಮಾಡಿದ್ದರು. ನಾಳೆ ದ್ವಾದಶಿ, ಬೆಳಗಿನ ಜಾವವೇ ಪೂಜೆ ಮುಗಿಸಿ ಪಾರಣೆ. ಮಂಗಳಾರತಿ ಕಾಣಿಸಿದ ತಕ್ಷಣ ಗಂಜಿ ಕುಡಿಸುತ್ತಾರಂತೆ. "ಮಾವನ ಫೋನು ಸರಿಯಾಗಿದೆಯಾ ವಿಭಾ?" ಎಂದು ಎರಡು ಸಲ ಕೇಳಿದರು. ಸರಿಯಾಗಿದೆ ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಡಿಸೆಂಬರ್ 31, ಬುಧವಾರ

ಅಕ್ಷರ ಹೇಗೆ ಬಂದರೂ ಸರಿ, ಎಲ್ಲವನ್ನೂ ಈಗಲೇ ಬರೆದುಬಿಡಬೇಕು.

ಇನ್ನೂ ಕತ್ತಲೆ ಇತ್ತು. ನನ್ನ ಫೋನು ಬಡಿದುಕೊಂಡಿತು. ವೇಣುಗೋಪಾಲ್ ಭಾವ.

"ವಿಭಾ, ಮಾವನ ಫೋನು ಹೋಗ್ತಾನೇ ಇಲ್ಲ. ಅಮ್ಮ ಬೆವರ್ತಿದಾಳೆ, ಕೈಯೆಲ್ಲ ನಡುಗ್ತಿದೆ. ಒಂದು ಚಮಚ ಸಕ್ಕರೆ ನೀರು ಹಾಕೋಣ ಅಂದ್ರೆ ಹಲ್ಲು ಕಚ್ಕೊಂಡು ಮಲಗಿದಾಳೆ. ಮಂಗಳಾರತಿ, ಮಂಗಳಾರತಿ ಅಂತಾಳೆ ಅಷ್ಟೇ."

ಓಡಿದೆ. ದೇವರಮನೆಯ ಬಾಗಿಲಲ್ಲಿ ಮಾವ ಮಡಿಪಂಚೆಯಲ್ಲಿ ನಿಂತು ಕಪ್ಪಾದ ಫೋನನ್ನು ಉಂಗುರ ಬೆರಳಿನಿಂದ ಒತ್ತುತ್ತಲೇ ಇದ್ದರು.

"ಹಬೆಗೆ ಇಟ್ಟಾಗ ಬದುಕಿತ್ತು ಕಣಮ್ಮ. ತೆಗೆದಾಗ ಇಲ್ಲ."

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಬಂದರು. "ಹಬೆಗೆ ಇಟ್ರಾ? ನೀವಾ?" ಮಾವ ತಲೆ ತಗ್ಗಿಸಿದರು. ಅತ್ತೆ ನನ್ನನ್ನು ನೋಡಿದರು, ಮಾವನನ್ನು ನೋಡಿದರು. "ಇದನ್ನ ಆಮೇಲೆ ವಿಚಾರಿಸ್ಕೋತೀನಿ. ಈಗ ಅತ್ತಿಗೆ ಗತಿ ಏನು?"

"ಮಾವ, ಮಂಗಳಾರತಿ ಹಚ್ಚಬೇಡಿ. ಬಂದೆ" ಎಂದೆ.

ಹಂಡೆ ಖಾಲಿಯಾಗಿತ್ತು, ಒಲೆಯೂ ಆರಿತ್ತು. ತೊಟ್ಟಿಯ ನೀರನ್ನೇ ಮೊಗೆದು ಸುರಿದುಕೊಂಡೆ. ಮೊದಲ ತಂಬಿಗೆಗೆ ಉಸಿರು ನಿಂತಿತು, ಎರಡನೆಯದಕ್ಕೆ ಕಿರುಚಿದೆ. ಒದ್ದೆ ಕೂದಲು ಗಂಟು ಹಾಕಿ ಧಾರೆ ಸೀರೆ ಸುತ್ತಿಕೊಂಡೆ. ಅದೂ ರೇಷ್ಮೆಯೇ! ಅಷ್ಟರಲ್ಲಿ ಕೌಸ್ತುಭ್ ಕಣ್ಣುಜ್ಜುತ್ತ ಎದ್ದು ಬಂದಿದ್ದ.

"ನನ್ನ ಫೋನಿಂದ ವೇಣು ಭಾವನಿಗೆ ವಿಡಿಯೋ ಹಚ್ಚು. ಹಿಂದಿನ ಕ್ಯಾಮೆರಾ ಹಾಕಿ ಆ ಚೀಲದೊಳಗೆ ಇಳಿಸು. ನನ್ನ ಮುಟ್ಟಬೇಡ!"

"ಏನಾಯ್ತೇ?"

"ಇಳಿಸು ಅಂದ್ನಲ್ಲ!"

ಪಾಪ, ಇಳಿಸಿ ಚೀಲವನ್ನು ಚಾಪೆಯ ಮೇಲೆ ಇಟ್ಟ. ನಾನು ಎರಡು ಕೈಯಲ್ಲಿ ಎತ್ತಿಕೊಂಡೆ. ರೇಷ್ಮೆಯೊಳಗಿಂದ ಭಾವನ ದನಿ, "ಕಾಣಿಸ್ತಿಲ್ಲ, ಇನ್ನೂ ಏನೂ ಕಾಣಿಸ್ತಿಲ್ಲ" ಎನ್ನುತ್ತಲೇ ಇತ್ತು. ಅದರ ಹಿಂದೆ ಗೋದತ್ತೆಯ ನರಳಾಟ.

ಹೊಸ್ತಿಲ ಹತ್ತಿರ ನಿಂತೆ. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಈ ದೇವರಮನೆಯೊಳಗೆ ಪೂಜೆಯ ಹೊತ್ತಿನಲ್ಲಿ ನಾನು ಕಾಲಿಟ್ಟವಳೇ ಅಲ್ಲ. ಅತ್ತೆ ಅಡುಗೆಮನೆ ಕಡೆ ಸರಿದು ದಾರಿ ಬಿಟ್ಟರು. ಮಾವ ಚೀಲವನ್ನು ನೋಡಿದರು. ಬೇಡ ಎಂದರೆ ಏನು ಮಾಡುವುದು ಎಂದು ನನಗೆ ಗೊತ್ತಿರಲಿಲ್ಲ. ಬೇಡ ಎಂದರೂ ಒಳಗೆ ನುಗ್ಗುತ್ತಿದ್ದೆ ಎಂದು ಈಗ ಅನಿಸುತ್ತದೆ.

"ಬಾಮ್ಮ ಒಳಗೆ" ಎಂದರು ಮಾವ. "ಹೊಸ್ತಿಲು ಎತ್ತರ ಇದೆ, ಎಡವಬೇಡ."

ಕರ್ಪೂರ ಹಚ್ಚಿದರು. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಆರತಿ. ನಾನು ಕಿಂಡಿಯನ್ನು ಗೂಡಿಗೆ ಸರಿಯಾಗಿ ಹಿಡಿದು ಉಸಿರು ಬಿಗಿಹಿಡಿದೆ. ಇಷ್ಟು ಪುಟ್ಟ ದೇವರು! ಬೆರಳುದ್ದವೂ ಇಲ್ಲ. ತುಳಸಿಯೊಳಗೆ ಮುಖ ಮಾತ್ರ ಕಾಣುತ್ತಿತ್ತು, ಬೆಳಕು ತಾಗಿದಾಗಲೆಲ್ಲ ಮಿನುಗುತ್ತಿತ್ತು. ಗಂಟೆ ನಿಂತಿತು.

"ಗೋದತ್ತೆ, ಕಾಣಿಸ್ತಾ?"

ಆ ಕಡೆ ಸದ್ದಿಲ್ಲ. ಆಮೇಲೆ ರೇಷ್ಮೆಯೊಳಗಿಂದ ಸಣ್ಣ ದನಿ.

"ಕಾಣಿಸ್ತು. ಚೆನ್ನಾಗಿ ಕಾಣಿಸ್ತು. ಇನ್ನು ಸ್ವಲ್ಪ ಬಲಕ್ಕೆ ತಿರುಗಿಸೇ."

"ಬಲಕ್ಕೆ ದೇವರಿಲ್ಲ ಅತ್ತೆ, ಮಾವ ಇದಾರೆ."

"ಅವನನ್ನೇ ಕಣೇ ನಾನು ಕೇಳ್ತಿರೋದು. ಧನುರ್ಮಾಸ ಶುರುವಾದಾಗಿಂದ ಬರೀ ಅವನ ಕೈ ಕಾಣಿಸ್ತಿದೆ. ಹೇಳಿದ್ರೆ ದೇವರಿಗಿಂತ ನಾನು ಹೆಚ್ಚಾ ಅಂತಾನೆ."

ತಿರುಗಿಸಿದೆ. ಮಾವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಆರತಿ ತಟ್ಟೆ ಹಿಡಿದುಕೊಂಡೇ ಕಿಂಡಿಯೊಳಗೆ ಇಣುಕಿದರು.

"ಏಮಿರಾ ಕಿಟ್ಟಾ, ಎಷ್ಟು ಸೊರಗಿದೀಯೋ! ಅಲ್ಲಿ ಯಾರೂ ನಿನಗೆ ಅನ್ನ ಹಾಕಲ್ವಾ?"

"ಕೇಳಿಸ್ತು ಅತ್ತಿಗೆ!" ಎಂದರು ಅತ್ತೆ ಅಡುಗೆಮನೆಯಿಂದ.

"ನೀನು ಮೊದ್ಲು ಗಂಜಿ ಕುಡಿ ಅಕ್ಕಾ" ಎಂದರು ಮಾವ.

"ಕುಡೀತೀನಿ ಕಣೋ. ನೀನು ಅಲ್ಲಾಡ್ಬೇಡ, ಹಾಗೇ ನಿಂತಿರು."

ಲೋಟ ಹಲ್ಲಿಗೆ ತಾಗಿದ ಸದ್ದು ಕೇಳಿಸಿತು. ಒಂದು ಗುಟುಕು, ಇನ್ನೊಂದು ಗುಟುಕು. ಮಾವ ಅಲ್ಲಾಡಲಿಲ್ಲ. ನಾನೂ ಅಲ್ಲಾಡಲಿಲ್ಲ.